‘ಕಚ್ಚುತ್ತೆ, ಹುಷಾರು’ ಎಂದು ಬರೆಯುವ ಮೊದಲು: ಶೆಲ್ಟರ್ ನಾಯಿಯ ವರ್ತನೆ ಓದುವುದು, ತಿದ್ದುವುದು ಹೇಗೆ?

ಬೆಂಗಳೂರಿನ ಹೊರವಲಯದ ಒಂದು ಶೆಲ್ಟರ್‌ಗೆ ನಾನು ವಾರಕ್ಕೆ ಎರಡು ದಿನ ಹೋಗುತ್ತೇನೆ. ಅಲ್ಲಿ ಕೆಂಚ ಅಂತ ಒಂದು ಇಂಡಿ ನಾಯಿ, ಅಂದರೆ ನಮ್ಮ ದೇಸಿ ನಾಯಿ. ಅವನ ಬೋನಿನ ಬಾಗಿಲಿಗೆ ಒಂದು ರಟ್ಟಿನ ಚೀಟಿ ತೂಗುತ್ತಿತ್ತು. ಕೆಂಪು ಮಾರ್ಕರ್‌ನಲ್ಲಿ ಎರಡೇ ಪದ: ‘ಕಚ್ಚುತ್ತೆ, ಹುಷಾರು’. ಯಾರು ಬರೆದರು, ಯಾವಾಗ ಬರೆದರು, ಯಾರಿಗೂ ಗೊತ್ತಿಲ್ಲ. ಆ ಚೀಟಿ ನೋಡಿ ಮೂರು ವಾರ ಅವನನ್ನು ಯಾರೂ ವಾಕಿಂಗ್‌ಗೆ ಕರೆದೊಯ್ಯಲಿಲ್ಲ. ಕೊನೆಗೆ ಕೆದಕಿದಾಗ ಗೊತ್ತಾಗಿದ್ದು ಇಷ್ಟು: ಬಂದ ಮೊದಲ ದಿನ ಊಟದ ಮಧ್ಯೆ ಯಾರೋ ಬಟ್ಟಲು ತೆಗೆಯಲು ಬಗ್ಗಿದ್ದರು. ಕೆಂಚ ಗುರ್ ಎಂದು ಗಾಳಿಗೆ ಬಾಯಿ ಹಾಕಿದ್ದ. ಹಲ್ಲು ಯಾರಿಗೂ ತಾಗಿರಲಿಲ್ಲ.

ಇಂಥ ಚೀಟಿಗೆ ಈಗ ಮೊದಲಿಗಿಂತ ತೂಕ ಜಾಸ್ತಿ. ಹಿಡಿದ ಬೀದಿನಾಯಿಗಳಿಗೆ ಸಂತಾನಹರಣ ಮಾಡಿ, ಲಸಿಕೆ ಹಾಕಿ ಅದೇ ಜಾಗಕ್ಕೆ ಬಿಡಬೇಕು, ಆದರೆ ರೇಬಿಸ್ ಇರುವ ಅಥವಾ ಶಂಕೆ ಇರುವ ನಾಯಿಗಳನ್ನೂ ಆಕ್ರಮಣಕಾರಿ ನಾಯಿಗಳನ್ನೂ ಬಿಡಬಾರದು ಎಂದು 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಹೇಳಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದ ಆವರಣದ ನಾಯಿಗಳನ್ನು ಶೆಲ್ಟರ್‌ಗೆ ಸಾಗಿಸಬೇಕು, ವಾಪಸ್ ಬಿಡಬಾರದು ಎಂದು ನವೆಂಬರ್ 7ರ ಆದೇಶ ಹೇಳಿತು. ಆದೇಶದ ಸರಿ ತಪ್ಪು ಬೇರೆ ಚರ್ಚೆ. ಶೆಲ್ಟರ್‌ನಲ್ಲಿ ಕೆಲಸ ಮಾಡುವ ನಮಗೆ ಅದರ ಅರ್ಥ ಒಂದೇ: ‘ಆಕ್ರಮಣಕಾರಿ’ ಅನ್ನುವ ಒಂದು ಪದ ಆ ನಾಯಿ ಉಳಿದ ಆಯುಷ್ಯ ಎಲ್ಲಿ ಕಳೆಯುತ್ತದೆ ಅನ್ನುವುದನ್ನು ತೀರ್ಮಾನಿಸಬಹುದು. ಹಾಗಾಗಿ ಪದ ಬರೆಯುವ ಮೊದಲು ನಾಯಿಯನ್ನು ನೋಡಬೇಕು. ನೋಡುವುದಕ್ಕೂ ಒಂದು ಕ್ರಮ ಇದೆ.

ಮೊದಲು ಡಾಕ್ಟರು, ಆಮೇಲೆ ಟ್ರೇನರ್

ಕಿವಿ ಹತ್ತಿರ ಕೈ ಹೋದರೆ ತಿರುಗಿ ಬೀಳುವ ನಾಯಿಯ ಕಿವಿಯಲ್ಲಿ ಕೀವು ಇದ್ದರೆ ಅದು ಸ್ವಭಾವ ಅಲ್ಲ, ನೋವು. ಹಿಂದೆ ಯಾವಾಗಲೋ ಬೈಕ್ ತಾಗಿ ಮುರಿದ ಸೊಂಟ, ಒಡೆದ ಹಲ್ಲು, ಹುಳ ಬಿದ್ದ ಗಾಯ, ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್: ಬೀದಿಯಿಂದ ಬಂದ ನಾಯಿಗಳಲ್ಲಿ ಇವೆಲ್ಲ ಮಾಮೂಲು. ಆದ್ದರಿಂದ ವೆಟ್ (ಪಶುವೈದ್ಯರು) ನೋಡದೆ ವರ್ತನೆಯ ಬಗ್ಗೆ ಒಂದು ಸಾಲೂ ಬರೆಯಬೇಡಿ.

ರೇಬಿಸ್ ವಿಷಯದಲ್ಲಿ ಮಾತ್ರ ಪ್ರಯೋಗ ಬೇಡ. ಇದ್ದಕ್ಕಿದ್ದಂತೆ ವರ್ತನೆ ಬದಲಾದರೆ, ಜೊಲ್ಲು ಸುರಿಯುತ್ತಿದ್ದರೆ, ನುಂಗಲು ಆಗದಿದ್ದರೆ, ದನಿ ಒಡೆದಿದ್ದರೆ, ಕಾಲು ತಡವರಿಸುತ್ತಿದ್ದರೆ ಹತ್ತಿರ ಹೋಗಬೇಡಿ. ಬೇರೆ ಇರಿಸಿ, ವೆಟ್‌ಗೆ ತಿಳಿಸಿ.

ನಾಯಿಗಳ ಜೊತೆ ಕೆಲಸ ಮಾಡುವ ನೀವೂ ಮುಂಚಿತವಾಗಿ ರೇಬಿಸ್ ಲಸಿಕೆ ಹಾಕಿಸಿಕೊಂಡಿರಬೇಕು. ಆದರೂ ಹಲ್ಲು ತಾಗಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. 15 ನಿಮಿಷ ಅಂದರೆ ಗಡಿಯಾರ ನೋಡಿಕೊಂಡು 15 ನಿಮಿಷ. ನಾಯಿಯನ್ನು 10 ದಿನ ಗಮನಿಸುವುದು ಇದ್ದೇ ಇದೆ. ಆದರೆ ಆ 10 ದಿನ ಮುಗಿಯಲಿ ಅಂತ ಇಂಜೆಕ್ಷನ್‌ಗೆ ಕಾಯಬಾರದು. ಅರಿಸಿನ, ಸುಣ್ಣ, ಮೆಣಸಿನಪುಡಿ ಗಾಯಕ್ಕೆ ಮೆತ್ತುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ.

ಮೂರು ದಿನ ಸುಮ್ನೆ ಬಿಡಿ

ನಿಮ್ಮನ್ನು ಬಲೆ ಹಾಕಿ ಹಿಡಿದು, ವ್ಯಾನಿನಲ್ಲಿ ತುಂಬಿ, ನೂರು ಜನ ಕಿರುಚುತ್ತಿರುವ ಕೋಣೆಗೆ ತಳ್ಳಿದರೆ, ಮಾರನೇ ದಿನ ಯಾರಾದರೂ ಬಂದು ನಿಮ್ಮ ಸ್ವಭಾವ ಪರೀಕ್ಷೆ ಮಾಡಿದರೆ ಹೇಗಿರುತ್ತದೆ? ಅಮೆರಿಕದ ಒಹಾಯೋದಲ್ಲಿ ಮೈಕೆಲ್ ಹೆನೆಸ್ಸಿ ಮತ್ತು ಜೊತೆಗಾರರು ಶೆಲ್ಟರ್ ನಾಯಿಗಳ ರಕ್ತದಲ್ಲಿ ಕಾರ್ಟಿಸಾಲ್ ಅಳೆದು 1997ರಲ್ಲಿ ಪ್ರಕಟಿಸಿದರು. ಇದು ಒತ್ತಡದ ಹಾರ್ಮೋನು. ಬಂದ ಮೊದಲ ಮೂರು ದಿನ ಅದು ಮನೆನಾಯಿಗಳಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಇತ್ತು. ಅಂದರೆ ಮೊದಲ ದಿನ ನಿಮಗೆ ಕಾಣುವುದು ನಾಯಿಯ ಸ್ವಭಾವ ಅಲ್ಲ, ಅದರ ಗಾಬರಿ.

ಈ ಮೂರು ದಿನ ಮಾಡಬೇಕಾದ್ದು ಕಡಿಮೆ. ಬೋನಿನ ಮುಂಭಾಗದ ಅರ್ಧಕ್ಕೆ ಗೋಣಿಚೀಲ ಕಟ್ಟಿ, ನಾಯಿಗೆ ಮರೆ ಸಿಗಲಿ. ಒಳಗೆ ಒಂದು ಅಡ್ಡ ಮಲಗಿಸಿದ ಪ್ಲಾಸ್ಟಿಕ್ ಡ್ರಮ್ಮೋ, ಹಳೇ ಟೇಬಲ್ಲೋ ಇಟ್ಟರೆ ಅಡಗಿಕೊಳ್ಳಲು ಜಾಗವಾಗುತ್ತದೆ. ಊಟ ಒಬ್ಬರೇ ಕೊಡಲಿ, ಒಂದೇ ಹೊತ್ತಿಗೆ ಕೊಡಲಿ. ಬಿಡುವಿದ್ದರೆ ಬೋನಿನ ಹೊರಗೆ ಪಕ್ಕಕ್ಕೆ ತಿರುಗಿ ಕೂತು ಪೇಪರ್ ಓದಿ. ನಾಯಿಯನ್ನು ನೋಡಬೇಡಿ, ಕರೆಯಬೇಡಿ. ಹೊಸ ವಾಲಂಟಿಯರ್‌ಗಳಿಗೆ ಇದು ತುಂಬಾ ಕಷ್ಟದ ಕೆಲಸ. ಎಲ್ಲರಿಗೂ ಬಂದ ದಿನವೇ ತಬ್ಬಿಕೊಂಡು ಫೋಟೊ ಬೇಕು.

ನೋಡಿದ್ದನ್ನು ಬರೆಯಿರಿ, ಅನ್ನಿಸಿದ್ದನ್ನಲ್ಲ

ನಾಲ್ಕನೇ ದಿನ ಒಂದು ನೋಟ್‌ಬುಕ್ ಶುರು ಮಾಡಿ. ದಿನಕ್ಕೆ ಮೂರು ಸಲ, ಒಂದೊಂದು ಸಲ ಹತ್ತು ನಿಮಿಷ: ಬೋನು ತೊಳೆಯುವ ಮೊದಲು, ಊಟದ ಹೊತ್ತು, ಮಧ್ಯಾಹ್ನ ಎಲ್ಲ ಮಲಗಿರುವಾಗ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬಿರುದು ಬರೆಯಬಾರದು, ಘಟನೆ ಬರೆಯಬೇಕು.

‘ಸಿಟ್ಟಿನ ನಾಯಿ’ ಎಂದು ಬರೆದರೆ ಮುಂದಿನವರಿಗೆ ಏನೂ ಗೊತ್ತಾಗುವುದಿಲ್ಲ. ‘ಬೆಳಿಗ್ಗೆ 8ಕ್ಕೆ ಊಟ ಮಾಡುತ್ತಿದ್ದ. ನಾನು ಮೂರು ಅಡಿ ದೂರಕ್ಕೆ ಬಂದೆ. ತಿನ್ನುವುದು ನಿಂತಿತು, ಮೈ ಸೆಟೆಯಿತು, ಕಣ್ಣಂಚಿನ ಬಿಳಿ ಕಂಡಿತು. ಇನ್ನೊಂದು ಹೆಜ್ಜೆಗೆ ಗುರ್ ಎಂದ. ಹಿಂದೆ ಸರಿದೆ, ಮತ್ತೆ ತಿಂದ.’ ಹೀಗೆ ಬರೆದರೆ ಅದರಲ್ಲೇ ಚಿಕಿತ್ಸೆಯೂ ಸಿಗುತ್ತದೆ. ಮೂರು ಅಡಿ ಸಮಸ್ಯೆ. ಹಾಗಾದರೆ ಆರು ಅಡಿಯಿಂದ ಶುರು ಮಾಡಬಹುದು ಅಲ್ವಾ?

ನಾಯಿ ಗುರ್ ಅನ್ನುವುದಕ್ಕೆ ಬಹಳ ಮೊದಲೇ ಮಾತಾಡಲು ಶುರು ಮಾಡಿರುತ್ತದೆ. ನಿದ್ದೆ ಬಾರದ ಹೊತ್ತಲ್ಲಿ ಆಕಳಿಸುತ್ತದೆ. ಊಟ ಇಲ್ಲದೆಯೂ ಮೂಗು ತುಟಿ ನೆಕ್ಕಿಕೊಳ್ಳುತ್ತದೆ. ಮುಖ ಆಚೆ ತಿರುಗಿಸುತ್ತದೆ. ಮುಂಗಾಲು ಒಂದನ್ನು ಎತ್ತಿ ನಿಲ್ಲುತ್ತದೆ. ಕಿವಿ ಹಿಂದಕ್ಕೆ ಹೋಗುತ್ತದೆ. ಆಮೇಲೆ ಮೈ ಕಲ್ಲಾಗುತ್ತದೆ. ಈ ಕಲ್ಲಾಗುವುದನ್ನು ನಮ್ಮವರು ‘ಪಾಪ, ಸುಮ್ಮನೆ ನಿಂತಿದೆ’ ಅಂದುಕೊಳ್ಳುತ್ತಾರೆ. ಕೈ ಮುಂದೆ ಮಾಡುತ್ತಾರೆ. ಕಚ್ಚಿಸಿಕೊಳ್ಳುವುದು ಆಗಲೇ.

ಬಾಲದ ಬಗ್ಗೆ ಒಂದು ಮಾತು. ನಾಯಿ ಬಾಲ ಡೊಂಕು ಅಂತ ಬೈಯುತ್ತೇವೆ. ನಮ್ಮ ಇಂಡಿ ನಾಯಿಯ ಬಾಲ ಡೊಂಕಾಗಿ ಬೆನ್ನ ಮೇಲೆ ಸುತ್ತಿಕೊಂಡು ಸಡಿಲವಾಗಿ ಆಡುತ್ತಿದ್ದರೆ ಖುಷಿಪಡಿ. ಅದು ನೆಟ್ಟಗಾಗಿ ಹೊಟ್ಟೆಯ ಕೆಳಗೆ ಸೇರಿದರೆ ಚಿಂತೆ ಮಾಡಿ. ಮೇಲೆದ್ದ ಬಾಲ ಗಟ್ಟಿಯಾಗಿ, ಸಣ್ಣಗೆ ವೇಗವಾಗಿ ಅಲ್ಲಾಡುತ್ತಿದ್ದರೂ ಹಿಂದೆ ಸರಿಯಿರಿ. ಬಾಲ ಆಡಿಸುವುದೆಲ್ಲ ಸ್ನೇಹ ಅಲ್ಲ. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಅನ್ನುವ ಗಾದೆಯನ್ನು ಶೆಲ್ಟರ್ ಗೇಟಿನ ಹೊರಗೇ ಬಿಟ್ಟು ಬನ್ನಿ.

ಸಣ್ಣ ಸಣ್ಣ ಪರೀಕ್ಷೆ

ಒಂದೇ ದಿನ ಕೂರಿಸಿ ‘ಪಾಸು, ಫೇಲು’ ಅನ್ನುವ ಪರೀಕ್ಷೆಗಳು ಅಮೆರಿಕದಲ್ಲಿ ಬಹಳ ಕಾಲ ನಡೆದವು. ಕೋಲಿಗೆ ಪ್ಲಾಸ್ಟಿಕ್ ಕೈ ಸಿಕ್ಕಿಸಿ, ತಿನ್ನುವ ನಾಯಿಯ ಬಟ್ಟಲಿಗೆ ತುರುಕುವುದು ಅದರಲ್ಲೊಂದು. ಗ್ಯಾರಿ ಪ್ಯಾಟ್ರೊನೆಕ್ ಮತ್ತು ಜಾನಿಸ್ ಬ್ರಾಡ್ಲಿ 2016ರಲ್ಲಿ ಲೆಕ್ಕ ಹಾಕಿ, ಇವು ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ ಎಂದರು. ಅದಕ್ಕೂ ಮೊದಲು 2013ರಲ್ಲಿ ಏಮಿ ಮಾರ್ಡರ್ ತಂಡ 97 ನಾಯಿಗಳನ್ನು ದತ್ತು ಕೊಟ್ಟ ಮೇಲೂ ವಿಚಾರಿಸಿತ್ತು. ಶೆಲ್ಟರ್‌ನಲ್ಲಿ ಬಟ್ಟಲಿಗೆ ಗುರ್ ಅಂದಿದ್ದ 20 ನಾಯಿಗಳಲ್ಲಿ ಮನೆಯಲ್ಲೂ ಹಾಗೆ ಮಾಡಿದ್ದು 11. ಇತ್ತ ಪರೀಕ್ಷೆಯಲ್ಲಿ ಸಾಧುವಾಗಿದ್ದ 77ರಲ್ಲಿ 17 ಮನೆಗೆ ಹೋಗಿ ಗುರ್ ಅಂದಿದ್ದವು! ಹಾಗಾಗಿ ಬಟ್ಟಲಿಗೆ ಕೈ ಹಾಕಿ ಪರೀಕ್ಷೆ ಮಾಡುವುದನ್ನು ನಾನು ಬಿಟ್ಟಿದ್ದೇನೆ. ಬೇರೆಯವರಿಗೂ ಬಿಡಿ ಅನ್ನುತ್ತೇನೆ.

ಬದಲಿಗೆ ದಿನಕ್ಕೊಂದು ಸಣ್ಣ ಪ್ರಶ್ನೆ ಕೇಳಿ. ಬೋನಿನ ಮುಂದೆ ಪಕ್ಕಕ್ಕೆ ತಿರುಗಿ ಕೂತರೆ ಹತ್ತಿರ ಬರುತ್ತದಾ? ಎಸೆದ ತಿಂಡಿಯನ್ನು ನನ್ನ ಮುಂದೆ ತಿನ್ನುತ್ತದಾ? ಬೆಲ್ಟು ಕಂಡರೆ ಹಿಂದೆ ಹೋಗುತ್ತದಾ, ಮುಂದೆ ಬರುತ್ತದಾ? ಹೊರಗೆ ಇನ್ನೊಂದು ನಾಯಿ ಮೂವತ್ತು ಅಡಿ ದೂರದಲ್ಲಿ ನಡೆದರೆ ನೋಡಿ ಸುಮ್ಮನಾಗುತ್ತದಾ? ಒಂದೇ ಪ್ರಶ್ನೆಯನ್ನು ಬೇರೆ ದಿನ, ಬೇರೆ ಮನುಷ್ಯರಿಂದಲೂ ಕೇಳಿಸಿ. ಗಂಡಸರಿಗೆ, ಹೆಲ್ಮೆಟ್ ಹಾಕಿದವರಿಗೆ, ಕೋಲು ಹಿಡಿದವರಿಗೆ ಉತ್ತರ ಬೇರೆಯೇ ಇರಬಹುದು.

ಮುಟ್ಟುವ ಪರೀಕ್ಷೆ ಸುಲಭ. ನಾಯಿ ತಾನಾಗಿ ಹತ್ತಿರ ಬಂದಾಗ ಎದೆ ಅಥವಾ ಭುಜದ ಪಕ್ಕ ಮೂರು ಸೆಕೆಂಡ್ ಸವರಿ, ಕೈ ತೆಗೆಯಿರಿ. ತಲೆ ಮೇಲಿಂದ ಕೈ ತರಬೇಡಿ. ನಾಯಿ ಒರಗಿದರೆ ‘ಇನ್ನೂ ಬೇಕು’ ಅಂತ. ಅಲ್ಲೇ ನಿಂತು ಮುಖ ತಿರುಗಿಸಿದರೆ ‘ಸಾಕು’ ಅಂತ. ಸಾಕು ಅಂದಾಗ ಸಾಕು ಮಾಡಿ. ಮುಟ್ಟಿಸಿಕೊಳ್ಳುವುದು ಬೀದಿನಾಯಿಗೆ ಇಷ್ಟವಿಲ್ಲ ಅಂದುಕೊಳ್ಳಬೇಡಿ. ಕೋಲ್ಕತ್ತದ ಐಸರ್ ವಿಜ್ಞಾನ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರ ಮೇಲೆ ಬೀದಿನಾಯಿಗಳಿಗೆ ನಂಬಿಕೆ ಬೆಳೆದದ್ದು ತಿಂಡಿಗಿಂತ ಸವರುವಿಕೆಯಿಂದ ಜಾಸ್ತಿ.

ಹೆದರಿಕೆ: ಗೌರಿ ಮತ್ತು ಮಾಪ್ ಕೋಲು

ಶೆಲ್ಟರ್‌ನಲ್ಲಿ ಕಾಣುವ ‘ಸಿಟ್ಟಿ’ನಲ್ಲಿ ಬಹುಪಾಲು ಹೆದರಿಕೆಯೇ. ಗೌರಿ ಅನ್ನುವ ಬಿಳಿ ನಾಯಿ ದಿನವಿಡೀ ಚೆನ್ನಾಗಿರುತ್ತಿದ್ದಳು. ಬೆಳಿಗ್ಗೆ ಬೋನು ತೊಳೆಯುವ ಹೊತ್ತಿಗೆ ಮಾತ್ರ ಗೋಡೆಗೆ ಅಂಟಿಕೊಂಡು ಹಲ್ಲು ಕಿರಿಯುತ್ತಿದ್ದಳು. ಎಲ್ಲರೂ ತೊಳೆಯುವವನ ಮೇಲೆ ಸಿಟ್ಟು ಅಂದುಕೊಂಡರು. ನೋಟ್‌ಬುಕ್ ಓದಿದರೆ ಬೇರೆ ಕಥೆ. ಅದೇ ಹುಡುಗ ಬರಿಗೈಯಲ್ಲಿ ಬಂದರೆ ಬಾಲ ಆಡಿಸುತ್ತಿದ್ದಳು. ಹೆದರಿಕೆ ಮಾಪ್ ಕೋಲಿನದ್ದು. ನಾಯಿ ಹಿಡಿಯುವ ಬಲೆಗೂ ಅಂಥದ್ದೇ ಉದ್ದ ಕೋಲು ಇರುತ್ತದೆ.

ಇದನ್ನು ತಿದ್ದುವ ದಾರಿ: ನಾಯಿ ಕಂಡರೂ ತಲೆಕೆಡಿಸಿಕೊಳ್ಳದಷ್ಟು ದೂರದಲ್ಲಿ ಆ ವಸ್ತು ಇಡಿ. ಕಂಡ ತಕ್ಷಣ ಅತಿ ಇಷ್ಟದ ತಿಂಡಿ ಕೊಡಿ. ವಸ್ತು ಮರೆಯಾದರೆ ತಿಂಡಿಯೂ ಬಂದ್. ಗೌರಿಗೆ ಹದಿನೈದು ಅಡಿ ದೂರದಲ್ಲಿ ಕೋಲನ್ನು ನೆಲದ ಮೇಲೆ ಮಲಗಿಸಿ ಶುರು ಮಾಡಿದೆವು. ಕೋಲು ನೋಡಿದಳು, ಬೇಯಿಸಿದ ಕೋಳಿ ಲಿವರ್ ಒಂದು ಚೂರು. ಮತ್ತೆ ನೋಡಿದಳು, ಇನ್ನೊಂದು ಚೂರು. ಚೂರು ಅಂದರೆ ಕಡಲೆಕಾಳಿನಷ್ಟು. ಎರಡು ನಿಮಿಷ ಆದ ಮೇಲೆ ಕೋಲು ಎತ್ತಿಕೊಂಡು ಹೋಗಿಬಿಟ್ಟೆವು. ಮುಂದಿನ ದಿನಗಳಲ್ಲಿ ಹನ್ನೆರಡು ಅಡಿ, ಹತ್ತು ಅಡಿ. ಆಮೇಲೆ ಕೋಲು ಕೈಯಲ್ಲಿ, ಆದರೆ ಮತ್ತೆ ಹದಿನೈದು ಅಡಿಯಿಂದ. ಒಂದು ಕಷ್ಟ ಹೆಚ್ಚಿಸಿದರೆ ಇನ್ನೊಂದನ್ನು ಕಡಿಮೆ ಮಾಡಬೇಕು.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಮೊದಲು ಕೋಲು, ಆಮೇಲೆ ಲಿವರ್. ತಿರುಗುಮುರುಗಾದರೆ, ಅಂದರೆ ಲಿವರ್ ಕೊಟ್ಟು ಕೋಲು ತೋರಿಸಿದರೆ, ನಾಯಿ ಕಲಿಯುವುದು ಬೇರೆ: ‘ಲಿವರ್ ಬಂತು ಅಂದರೆ ಕೋಲು ಬರುತ್ತೆ, ಓಡು’. ಆಮೇಲೆ ಲಿವರ್ ಕಂಡರೂ ಹೆದರುತ್ತದೆ. ಇಷ್ಟದ ತಿಂಡಿಯನ್ನೂ ಮುಟ್ಟದಿದ್ದರೆ ನೀವು ತುಂಬಾ ಹತ್ತಿರ ಇದ್ದೀರಿ ಎಂದರ್ಥ, ನಾಯಿಗೆ ಕೊಬ್ಬು ಎಂದಲ್ಲ. ‘ಅಭ್ಯಾಸ ಆಗಲಿ’ ಅಂತ ಎಳೆದು ತಂದು ಕೋಲಿನ ಮುಂದೆ ನಿಲ್ಲಿಸುವವರೂ ಇದ್ದಾರೆ. ನಾಯಿ ಕೊನೆಗೆ ಸುಮ್ಮನಾಗುತ್ತದೆ, ನಿಜ. ಹೆದರಿಕೆ ಹೋಗಿ ಸುಮ್ಮನಾದದ್ದಲ್ಲ ಅದು, ಕೈಚೆಲ್ಲಿ ಸುಮ್ಮನಾದದ್ದು.

ಗೌರಿಗೆ ಐದು ವಾರ ಹಿಡಿಯಿತು. ಅಷ್ಟು ದಿನ ಅವಳನ್ನು ಹೊರಗೆ ಬಿಟ್ಟ ಮೇಲೆಯೇ ಬೋನು ತೊಳೆದೆವು. ಇದು ಮುಖ್ಯ. ಒಂದು ಕಡೆ ಪಾಠ, ಇನ್ನೊಂದು ಕಡೆ ದಿನಾ ಹೆದರಿಸುವುದು ನಡೆದರೆ ಪಾಠ ನಿಲ್ಲುವುದಿಲ್ಲ.

ಬಟ್ಟಲು ಕಾಯುವ ನಾಯಿ

ನನ್ನ ಬಲಗೈ ಹೆಬ್ಬೆರಳ ಬುಡದಲ್ಲಿ ಎರಡು ಚುಕ್ಕೆ ಇವೆ. ಮೊದಲ ವರ್ಷ ಒಂದು ಮುದಿ ನಾಯಿಯ ಬಾಯಿಂದ ಕೋಳಿ ಮೂಳೆ ಕಿತ್ತುಕೊಳ್ಳಲು ಹೋಗಿದ್ದೆ. ಅದು ಸೆಟೆಯಿತು, ನಾನು ನೋಡಲಿಲ್ಲ. ಗುರ್ ಎಂದಿತು, ‘ಏಯ್’ ಎಂದು ಗದರಿದೆ. ಮುಂದಿನದು ಹೇಳಬೇಕಿಲ್ಲ. ತಪ್ಪು ಪೂರ್ತಿ ನನ್ನದೇ. ಗುರ್ ಅನ್ನುವುದು ನಾಯಿ ಕೊಡುವ ನೋಟಿಸು. ಅದಕ್ಕೆ ಹೊಡೆದು ಗದರಿದರೆ ಮುಂದಿನ ಸಲ ನೋಟಿಸಿಲ್ಲದೆ ಕಚ್ಚುತ್ತದೆ.

ಬೀದಿಯಲ್ಲಿ ಬೆಳೆದ ನಾಯಿಗೆ ಊಟ ಕಾಯುವುದು ಬದುಕಿನ ಬುದ್ಧಿ. ಅದನ್ನು ಬೈದು ಬಿಡಿಸಲಾಗದು. ನಾವು ಹತ್ತಿರ ಬಂದರೆ ಊಟ ಹೋಗುವುದಿಲ್ಲ, ಇನ್ನೂ ಬರುತ್ತದೆ ಎಂದು ತೋರಿಸಬೇಕು.

ಕೆಂಚನಿಗೆ ಹೀಗೆ ಮಾಡಿದೆ. ಬಟ್ಟಲಲ್ಲಿ ಮಾಮೂಲಿ ಅನ್ನ ಕೋಳಿ. ನಾನು ಜಾಲರಿಯ ಹೊರಗೆ, ಆರು ಅಡಿ ದೂರದಲ್ಲಿ ನಡೆದುಹೋಗುತ್ತಾ ಬಟ್ಟಲಿನ ಹತ್ತಿರ ಒಂದು ಚೂರು ಲಿವರ್ ಎಸೆಯುತ್ತಿದ್ದೆ. ನಿಲ್ಲುವುದಿಲ್ಲ, ಮಾತಿಲ್ಲ. ಎಸೆದು ಹೋಗುವುದು, ಅಷ್ಟೇ. ಒಂದು ಊಟಕ್ಕೆ ಐದಾರು ಸಲ. ನಾಲ್ಕು ದಿನ ಅದೇ ದೂರ. ಮೈ ಸಡಿಲವಾದ ಮೇಲೆ ಐದು ಅಡಿ. ಒಂಬತ್ತನೇ ದಿನ ಅವಸರಪಟ್ಟು ಎರಡು ಹೆಜ್ಜೆ ಒಟ್ಟಿಗೆ ಮುಂದೆ ಹೋದೆ. ತಿನ್ನುವುದು ನಿಂತಿತು. ಸರಿ, ಹಳೇ ದೂರಕ್ಕೆ ವಾಪಸ್, ಇನ್ನೆರಡು ದಿನ. ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನ ಹೆಜ್ಜೆ ಸದ್ದಿಗೇ ಬಟ್ಟಲಿನಿಂದ ತಲೆ ಎತ್ತಿ, ‘ಏನು ತಂದೆ ಇವತ್ತು?’ ಅನ್ನುವ ಹಾಗೆ ಬಾಲ ಆಡಿಸಿದ.

ಬಾಯಲ್ಲಿ ಮೂಳೆ, ಚಪ್ಪಲಿ ಇದ್ದರೆ ಅದಲುಬದಲು ಮಾಡಿ. ಅದಕ್ಕಿಂತ ರುಚಿಯಾದ್ದನ್ನು ದೂರ ಎಸೆದು, ನಾಯಿ ಆ ಕಡೆ ಹೋದ ಮೇಲೆ ವಸ್ತು ತೆಗೆಯಿರಿ. ಸಾಧ್ಯವಾದಾಗಲೆಲ್ಲ ಆ ವಸ್ತುವನ್ನೇ ವಾಪಸ್ ಕೊಡಿ. ಕೊಟ್ಟರೆ ನಷ್ಟವಿಲ್ಲ ಎಂದು ಗೊತ್ತಾಗಲಿ. ಬಟ್ಟಲು ತೆಗೆಯುವುದು ಯಾವಾಗಲೂ ನಾಯಿ ಹೊರಗೆ ಹೋದ ಮೇಲೆ.

ಬೋನಿನ ಮುಂದೆ ರಂಪ, ಮತ್ತೆ ಉಳಿದವು

ಜನ ಬಂದರೆ ಜಾಲರಿಗೆ ಹಾರಿ ಬೊಗಳುವ ನಾಯಿಯನ್ನು ಯಾರೂ ಮನೆಗೆ ಕರೆದೊಯ್ಯುವುದಿಲ್ಲ. ಇದಕ್ಕೆ ಅಗ್ಗದ ಮದ್ದಿದೆ. ಪ್ರತಿ ಬೋನಿಗೆ ಒಂದು ಡಬ್ಬಿ ತಿಂಡಿ ಕಟ್ಟಿ. ಹಾದುಹೋಗುವ ಪ್ರತಿಯೊಬ್ಬರೂ ಒಂದು ಚೂರು ಹಾಕಲಿ. ನಾಯಿ ಬೊಗಳುತ್ತಿದ್ದರೂ ಹಾಕಲಿ. ‘ಬೊಗಳುವುದಕ್ಕೆ ಬಹುಮಾನವಾ?’ ಅಂತ ನಾನೂ ಕೇಳಿದ್ದೆ. ಅಲೆಕ್ಸಾಂಡ್ರಾ ಪ್ರೋಟೊಪೊಪೋವಾ ಮತ್ತು ಕ್ಲೈವ್ ವಿನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮ್ಮನಿದ್ದಾಗ ಮಾತ್ರ ಕೊಡುವುದು ಮತ್ತು ಹೇಗಿದ್ದರೂ ಕೊಡುವುದು, ಎರಡರಿಂದಲೂ ರಂಪ ಕಡಿಮೆಯಾಯಿತು. ಹೇಗಿದ್ದರೂ ಕೊಡುವುದೇ ಸುಲಭ, ಹೊಸಬರಿಗೆ ಕಲಿಸಲು ಅರ್ಧ ನಿಮಿಷ ಸಾಕು. ಎದುರು ಬೋನಿನ ನಾಯಿ ಕಂಡು ರೇಗುವವಕ್ಕೆ ಆ ಕಡೆಗೂ ಗೋಣಿಚೀಲ ಕಟ್ಟಿ.

ಮೈಮೇಲೆ ಹಾರುವುದು, ಬೆಲ್ಟು ಕಚ್ಚಿ ಎಳೆಯುವುದು ಹೆಚ್ಚಾಗಿ ಶಕ್ತಿ ಖರ್ಚಾಗದ್ದಕ್ಕೆ. ದಿನಾ ವಾಕಿಂಗ್ ಆಗಲಿ, ಮೂಸಿ ನೋಡಲು ಬಿಡಿ, ನಾಲ್ಕೂ ಕಾಲು ನೆಲದ ಮೇಲಿದ್ದಾಗ ತಿಂಡಿ ನೆಲಕ್ಕೇ ಹಾಕಿ. ಬೇರೆ ನಾಯಿ ಕಂಡರೆ ಆಗದವನ್ನು ಮುಖಾಮುಖಿ ಮಾಡಬೇಡಿ. ಇಬ್ಬರು ಎರಡು ನಾಯಿಗಳನ್ನು ಹಿಡಿದು, ಮಧ್ಯೆ ರಸ್ತೆಯಗಲ ಬಿಟ್ಟು ಒಂದೇ ದಿಕ್ಕಿಗೆ ನಡೆಯಿರಿ.

ಇಷ್ಟೆಲ್ಲ ಮಾಡಿದರೂ ಊಟ ಬಿಟ್ಟು ಮೂಲೆ ಸೇರಿದ ನಾಯಿಗೆ, ಗಂಟೆಗಟ್ಟಲೆ ಗಿರಗಿರ ತಿರುಗುವ ನಾಯಿಗೆ ಔಷಧಿ ಬೇಕಾಗಬಹುದು. ಫ್ಲುಯಾಕ್ಸೆಟಿನ್‌ನಂಥವು ಕೆಲಸ ಮಾಡಲು ನಾಲ್ಕರಿಂದ ಆರು ವಾರ ಬೇಕು. ವೆಟ್ ಹೇಳದೆ ಶುರು ಮಾಡಬೇಡಿ, ಹೇಳದೆ ನಿಲ್ಲಿಸಲೂಬೇಡಿ.

ಕಚ್ಚಿದ್ದರೆ, ಎಷ್ಟು ಕಚ್ಚಿತು?

‘ಕಚ್ಚಿದೆ’ ಅನ್ನುವುದೂ ಅರ್ಧ ಮಾಹಿತಿ. ನಾಯಿಗಳ ವರ್ತನೆಯ ತಜ್ಞ ಇಯಾನ್ ಡನ್‌ಬಾರ್ ಮಾಡಿಕೊಟ್ಟ ಆರು ಮೆಟ್ಟಿಲ ಅಳತೆ ಎಲ್ಲ ಕಡೆ ಬಳಕೆಯಲ್ಲಿದೆ. ಮೊದಲನೆಯದು ಹಲ್ಲು ತಾಗದೆ ಗಾಳಿಗೆ ಬಾಯಿ ಹಾಕುವುದು. ಎರಡನೆಯದು ಹಲ್ಲು ತಾಗಿದರೂ ತೂತು ಬೀಳದ್ದು. ಮೂರನೆಯದು ಒಂದೇ ಕಡಿತ, ಒಂದರಿಂದ ನಾಲ್ಕು ತೂತು, ಆಳ ಕೋರೆಹಲ್ಲಿನ ಅರ್ಧಕ್ಕಿಂತ ಕಡಿಮೆ. ನಾಲ್ಕರಿಂದ ಮೇಲೆ ಆಳದ ಗಾಯ, ಹಿಡಿದು ಅಲ್ಲಾಡಿಸುವುದು, ಪದೇ ಪದೇ ಕಚ್ಚುವುದು. ಆರನೆಯದು ಸಾವು. ಕೆಂಚನದ್ದು ಒಂದನೆಯದು. ನನ್ನ ಹೆಬ್ಬೆರಳಿನದ್ದು ಮೂರನೆಯದು.

ಒಂದು ಎರಡರ ನಾಯಿಗಳ ಜೊತೆ ಎಚ್ಚರದಿಂದ ಕೆಲಸ ಮಾಡಬಹುದು. ಮೂರಕ್ಕೆ ಅನುಭವ ಇರುವವರು ಬೇಕು, ಬಾಯಿಗೆ ಬುಟ್ಟಿಯಂಥ ಮಜಲ್ ಹಾಕಿಸಿಕೊಳ್ಳಲು ತಿಂಡಿ ಕೊಟ್ಟೇ ಕಲಿಸಬೇಕು. ನಾಲ್ಕರ ನಾಯಿಯನ್ನು ಮಕ್ಕಳಿರುವ ಮನೆಗೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ನಾಯಿಯ ಮೇಲಿನ ಪ್ರೀತಿಗೆ ಇದನ್ನು ಮುಚ್ಚಿಟ್ಟು ದತ್ತು ಕೊಡುವವರಿದ್ದಾರೆ. ಆ ಮನೆಯ ಮಗುವಿಗೂ ಮೋಸ, ನಾಯಿಗೂ ಮೋಸ. ಅಂಥ ನಾಯಿ ಶೆಲ್ಟರ್‌ನಲ್ಲೇ ಉಳಿದರೆ ಅದಕ್ಕೆ ಗೊತ್ತಿರುವ ಇಬ್ಬರು ಮನುಷ್ಯರು, ದಿನಾ ಹೊರಗೆ ಒಂದು ಗಂಟೆ, ಒಳ್ಳೆಯ ಮಲಗುವ ಜಾಗ ಕೊಡುವುದು ನಮ್ಮ ಹೊಣೆ.

ಮನೆಗೆ ಹೋಗುವಾಗ

ಸಾಧ್ಯವಿದ್ದರೆ ದತ್ತಿಗೆ ಮೊದಲು ಒಂದೆರಡು ರಾತ್ರಿ ಯಾರದಾದರೂ ಮನೆಯಲ್ಲಿ ಮಲಗಿಸಿ ನೋಡಿ. ಲಿಸಾ ಗಂಟರ್ ತಂಡ 2019ರಲ್ಲಿ ಅಮೆರಿಕದ ಐದು ಶೆಲ್ಟರ್‌ಗಳಲ್ಲಿ ನೋಡಿದಂತೆ, ಅಷ್ಟಕ್ಕೇ ನಾಯಿಗಳ ಕಾರ್ಟಿಸಾಲ್ ಇಳಿದಿತ್ತು. ನಿಮಗೂ ಬೋನಿನಲ್ಲಿ ಕಾಣದ ನಾಯಿ ಕಾಣುತ್ತದೆ. ಕೆಂಚ ಮನೆಯೊಳಗೆ ಮೂಲೆ ಹುಡುಕಿಕೊಂಡು ಹನ್ನೊಂದು ಗಂಟೆ ನಿದ್ದೆ ಹೊಡೆದ. ಎದ್ದ ಮೇಲೆ ಫ್ರಿಜ್ ಸದ್ದಿಗೆ ಬೊಗಳಿದ.

ದತ್ತು ಪಡೆದವರ ಕೈಗೆ ಲಸಿಕೆ ಕಾರ್ಡಿನ ಜೊತೆ ಒಂದು ಪುಟ ಬರೆದು ಕೊಡಿ. ಕೆಂಪು ಮಾರ್ಕರ್ ಬೇಡ. ಕೆಂಚನ ಜೊತೆ ಹೋದದ್ದು ಇದು:

‘ಹೆಸರು ಕೆಂಚ, ಸುಮಾರು ಮೂರು ವರ್ಷ. ಲಿವರ್‌ಗೆ ಪ್ರಾಣ ಬಿಡುತ್ತಾನೆ. ಎದೆ ಸವರಿದರೆ ಒರಗುತ್ತಾನೆ, ತಲೆ ಮೇಲೆ ಕೈ ಬಂದರೆ ಬಗ್ಗುತ್ತಾನೆ. ತಿನ್ನುವಾಗ ಮೂರು ಅಡಿ ಹತ್ತಿರ ಬಂದರೆ ಮೊದಲು ಗುರ್ ಅನ್ನುತ್ತಿದ್ದ. ಬಂದ ದಿನ ಒಮ್ಮೆ ಗಾಳಿಗೆ ಬಾಯಿ ಹಾಕಿದ್ದ, ಹಲ್ಲು ತಾಗಿಲ್ಲ. ಈಗ ಒಂದು ಅಡಿವರೆಗೂ ಪರವಾಗಿಲ್ಲ. ಆದರೂ ಹೊಸ ಮನೆಯಲ್ಲಿ ಊಟ ಒಂದು ಮೂಲೆಯಲ್ಲಿ ಕೊಡಿ, ಮಕ್ಕಳು ಆ ಕಡೆ ಹೋಗದಿರಲಿ. ಹಾದುಹೋಗುವಾಗ ಒಂದು ಚೂರು ಎಸೆಯುತ್ತಿರಿ. ಮೊದಲ ವಾರ ನೆಂಟರು ಬೇಡ. ಫ್ರಿಜ್ ಸದ್ದಿಗೆ ಬೊಗಳುತ್ತಾನೆ, ಎರಡು ದಿನದಲ್ಲಿ ಬಿಡಬಹುದು. ಏನೇ ಅನುಮಾನ ಬಂದರೂ ರಾತ್ರಿ ಹತ್ತರೊಳಗೆ ಫೋನ್ ಮಾಡಿ.’